ಕೊಡೆಯ ಕೆಳಗಿನ ಮುಖ ಕಾಣಬೇಕು: ಒಂಟಿ ಮನೆಗೆ ಸಿಸಿ ಕ್ಯಾಮೆರಾ ಆರಿಸುವುದು ಹೇಗೆ?

ನಮ್ಮನೆಗೆ ಮೊದಲ ಸಲ ಕ್ಯಾಮೆರಾ ಹಾಕಿಸಿದಾಗ ಪಕ್ಕದ ಮನೆಯವರು ಬಂದು ಮೊಬೈಲ್ ನೋಡಿ ನಕ್ಕಿದ್ದರು. ‘ಎಂಥದು ಮಾರಾಯ್ರೆ, ಇದ್ರಲ್ಲಿ ಬರೀ ಕೊಡೆ ಕಾಣ್ತದೆ!’ ನಿಜವೇ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಅಂಗಳಕ್ಕೆ ಬರುವವರೆಲ್ಲ ಕೊಡೆ ಹಿಡಿದೋ, ಕಂಬಳಿ ಕೊಪ್ಪೆ ಹಾಕಿಕೊಂಡೋ ಬರುತ್ತಾರೆ. ಹನ್ನೆರಡು ಅಡಿ ಎತ್ತರದ ಸೂರಿನಿಂದ ಕೆಳಗೆ ನೋಡುವ ಕ್ಯಾಮೆರಾಕ್ಕೆ ಮುಖ ಸಿಗುವುದಾದರೂ ಹೇಗೆ? ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಕೇಳುವ ಮೊದಲು ಯೋಚಿಸಬೇಕಾದ್ದು ಇದನ್ನೇ.

ಮೊದಲು ಸುಮ್ನೆ ಒಂದು ಸುತ್ತು ನಡೆಯಿರಿ

ರಸ್ತೆಯಿಂದ ಮನೆವರೆಗೆ ಹೊಸಬರ ಹಾಗೆ ನಡೆದು ಬನ್ನಿ. ಯಾರೇ ಬಂದರೂ ದಾಟಲೇಬೇಕಾದ ಜಾಗ ಯಾವುದು? ಹೆಚ್ಚಿನ ಮನೆಗಳಲ್ಲಿ ಅದು ಉಣುಗೋಲು (ಬೇಲಿಯಲ್ಲಿ ಅಡ್ಡಕೋಲು ಸರಿಸಿ ದಾಟುವ ಬಾಗಿಲು) ಅಥವಾ ಗೇಟು. ಮುಖ ಹಿಡಿಯುವ ಕ್ಯಾಮೆರಾ ಅಲ್ಲಿಗೆ. ಎರಡನೆಯದು ಅಡಿಕೆ ಒಣಗಿಸುವ ಅಂಗಳ ಮತ್ತು ಚೀಲ ಇಡುವ ಕೋಣೆಗೆ. ಕೆಂಪಡಿಕೆ ಕ್ವಿಂಟಾಲಿಗೆ 50 ಸಾವಿರ ಅಂತ ಇಟ್ಟುಕೊಂಡರೂ 60 ಕೆಜಿಯ ಒಂದು ಚೀಲ ಹೋದರೆ 30 ಸಾವಿರ ಹೋದ ಹಾಗೆ. ಮೂರನೆಯದು ಹಿತ್ತಿಲ ಬಾಗಿಲಿಗೆ. ಇಡೀ ತೋಟ ಕಾಯುತ್ತೇನೆ ಅಂತ ಹೊರಡಬೇಡಿ. ದುಡ್ಡು ಮುಗಿಯುತ್ತದೆ, ತೋಟ ಮುಗಿಯುವುದಿಲ್ಲ.

ಕರೆಂಟು, ನೆಟ್‌ವರ್ಕ್ ನೋಡಿ ಜಾತಿ ಆರಿಸಿ

ಮನೆಯಿಂದ 100 ಮೀಟರ್ ಒಳಗಿನ ಜಾಗಗಳಿಗೆ ವೈರ್ ಎಳೆದ ಕ್ಯಾಮೆರಾವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪಿಒಇ ಅನ್ನುವ ಬಗೆಯಲ್ಲಿ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಇಂಟರ್‌ನೆಟ್ ಸತ್ತರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ನಾಲ್ಕು ಕ್ಯಾಮೆರಾ, ಚಿತ್ರ ಉಳಿಸಿಡುವ ರೆಕಾರ್ಡರ್ ಪೆಟ್ಟಿಗೆ ಎಲ್ಲ ಸೇರಿ 50 ವಾಟ್ ಆಸುಪಾಸು ಎಳೆಯುತ್ತವೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದು, ಅದಕ್ಕೆ ಬೇರೆ ಲೋಡ್ ಕೊಡದಿದ್ದರೆ ಹೆಚ್ಚುಕಡಿಮೆ ಒಂದು ದಿನ ದೂಡಬಹುದು.

ಉಣುಗೋಲು ದೂರ ಇದ್ದು ಅಲ್ಲಿ ಕರೆಂಟಿಲ್ಲದಿದ್ದರೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಇದೆ. ಅಂಗಡಿಯವರು ಹೇಳದ ವಿಷಯ ಒಂದುಂಟು. ಜುಲೈನಲ್ಲಿ ನಮಗೆ ಬಿಸಿಲು ಎಲ್ಲಿದೆ? ಅದರ ಮೇಲೆ ಮರದ ನೆರಳು ಬೇರೆ. ಪ್ಯಾನೆಲ್ ಬೇರೆ, ಕ್ಯಾಮೆರಾ ಬೇರೆ ಇರುವುದನ್ನೇ ತಗೊಳ್ಳಿ. ಪ್ಯಾನೆಲ್ಲನ್ನು ಬಿಸಿಲು ಬೀಳುವ ಕಡೆ ಕೂರಿಸಿ. ಮಳೆಗಾಲದಲ್ಲಿ ಆಗಾಗ ಬ್ಯಾಟರಿ ಬಿಚ್ಚಿ ತಂದು ಮನೆಯಲ್ಲಿ ಚಾರ್ಜ್ ಮಾಡಲು ಆಗುವಂತಿರಬೇಕು. ಇಂಥವು ಬ್ಯಾಟರಿ ಉಳಿಸಲು ಮೈಯ ಬಿಸಿ ಗುರುತಿಸಿದಾಗ ಮಾತ್ರ ಎಚ್ಚರಾಗುತ್ತವೆ. ದನ ಬಂದರೂ ಎಚ್ಚರಾಗುತ್ತವೆ ಅನ್ನಿ. ಸಿಮ್ ಕೊಳ್ಳುವ ಮೊದಲು ಬೇರೆ ಬೇರೆ ಕಂಪನಿಯ ಸಿಮ್ ಇರುವ ಮೊಬೈಲ್‌ಗಳನ್ನು ಅದೇ ಜಾಗಕ್ಕೆ ಒಯ್ದು ಅಪ್‌ಲೋಡ್ ವೇಗ ನೋಡಿ. ಜಗುಲಿಯಲ್ಲಿ ಸಿಗುವ ನೆಟ್‌ವರ್ಕ್ ದರೆಯ (ಗುಡ್ಡ ಕಡಿದ ಏರಿನ) ಕೆಳಗೆ ಸಿಗಬೇಕೆಂದಿಲ್ಲ.

ಮುಖಕ್ಕೆ ಬೇಕಾದ್ದು ಲೆನ್ಸ್

ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 2.8 ಎಂಎಂ ಲೆನ್ಸ್. ಅಂಗಳ ಪೂರ್ತಿ ಕಾಣುತ್ತದೆ, ಖುಷಿಯಾಗುತ್ತದೆ. ಆದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಪರಿಚಯ ಇಲ್ಲದವರ ಮುಖ ಸ್ಪಷ್ಟವಾಗಿ ಬರುವುದು ಹತ್ತಡಿ ಒಳಗೆ ಮಾತ್ರ. ಅದೇ 6 ಎಂಎಂ ಲೆನ್ಸ್ ಹಾಕಿದರೆ ಕಾಣುವ ಅಗಲ ಕಮ್ಮಿ, ಮುಖ ಸುಮಾರು 25 ಅಡಿವರೆಗೆ ಸಿಗುತ್ತದೆ. ಹಾಗಾಗಿ ಅಂಗಳಕ್ಕೆ 2.8, ಉಣುಗೋಲಿಗೆ 6. ಎತ್ತರವೂ ಮುಖ್ಯ. ಗೇಟಿನ ಕ್ಯಾಮೆರಾ ಕಲ್ಲುಕಂಬದಲ್ಲೋ ಮರದಲ್ಲೋ ಐದೂವರೆ, ಆರಡಿ ಎತ್ತರಕ್ಕಿದ್ದರೆ ಕೊಡೆಯ ಕೆಳಗಿನ ಮುಖವೂ ಬರುತ್ತದೆ. ಕೈಗೆ ಎಟಕುತ್ತದೆ, ಅದಕ್ಕೇ ಮರೆಯಲ್ಲಿಡಿ. ಕಾಣುವಂಥ ಇನ್ನೊಂದನ್ನು ಸೂರಿಗೆ ಹಾಕಿ, ಹೆದರಿಸಲು. ಯಾರಾದರೂ ನಡೆದರೆ ತಾನೇ ಹೊತ್ತಿಕೊಳ್ಳುವ ದೀಪ ಅದರ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ನೀರು, ದೂಳು ಒಳಹೋಗುವುದಿಲ್ಲ ಎಂದು ಸೂಚಿಸುವ ಐಪಿ66 ಅಥವಾ ಐಪಿ67 ಗುರುತು ಇರಲಿ, ನಮ್ಮ ಮಳೆಗೆ ಅದಕ್ಕಿಂತ ಕಮ್ಮಿ ಸಾಲದು. ಜಾಯಿಂಟ್ ಪೆಟ್ಟಿಗೆಯ ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿಸಿ, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತದೆ. ಮಾಡಿನ ಮೇಲೆ ಹೋಗುವ ವೈರ್ ಪೈಪಿನೊಳಗಿರಲಿ. ಮಂಗ ಎಳೆಯುತ್ತದೆ, ಇಲಿ ಕಡಿಯುತ್ತದೆ. ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಲೆನ್ಸಿನ ಎದುರು ಒಂದೇ ಎಳೆ ಬಲೆ ಅಲ್ಲಾಡಿದರೂ ಮೊಬೈಲ್ ಕೂಗತೊಡಗುತ್ತದೆ. ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸಿ.

ಪೆಟ್ಟಿಗೆ ಮತ್ತು ಸಿಡಿಲು

ನಮ್ಮ ಮೊದಲ ರೆಕಾರ್ಡರನ್ನು ಹಾಕಲು ಬಂದವರು ಜಗುಲಿಯ ಟಿವಿ ಪಕ್ಕದಲ್ಲಿಟ್ಟು ಹೋದರು. ಅರ್ತಿಂಗ್ ನೋಡಲಿಲ್ಲ, ನಾನೂ ಕೇಳಲಿಲ್ಲ. ಏಪ್ರಿಲ್‌ನ ಮೊದಲ ಗುಡುಗು ಮಳೆಗೆ ಎರಡು ಕ್ಯಾಮೆರಾ ಹೋದವು, ರೆಕಾರ್ಡರೂ ಸುಟ್ಟಿತು. ಈಗ ಸರಿಯಾದ ಅರ್ತಿಂಗ್ ಇದೆ, ಹೊರಗಿನ ಕೇಬಲ್ಲುಗಳಿಗೆ ಕರೆಂಟು ಒಮ್ಮೆಲೇ ಏರಿದಾಗ ತಡೆಯುವ ಸರ್ಜ್ ಪ್ರೊಟೆಕ್ಟರ್ ಇದೆ. ಸಿಡಿಲು ಹತ್ತಿರವೇ ಬಡಿದರೆ ಅದೂ ಸಾಲದು. ಅದಕ್ಕೇ ಬಾನು ಕಪ್ಪಾದ ಕೂಡಲೇ ಕೇಬಲ್ ಕಿತ್ತಿಡುವ ಅಭ್ಯಾಸ ಮಾಡಿಕೊಂಡಿದ್ದೇವೆ.

ರೆಕಾರ್ಡರ್ ಪೆಟ್ಟಿಗೆ ಒಳಕೋಣೆಯಲ್ಲಿ, ಬೀಗದೊಳಗೆ ಇರಲಿ. ಕಳ್ಳ ಅದನ್ನೇ ಹೊತ್ತೊಯ್ದರೆ ಏನುಳಿಯಿತು, ಅಲ್ವಾ? ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ದಿನಕ್ಕೆ ಸುಮಾರು 21 ಜಿಬಿ ತುಂಬಿಸುತ್ತದೆ. ನಾಲ್ಕಕ್ಕೆ 1 ಟಿಬಿ ಡಿಸ್ಕ್ ಹಾಕಿದರೆ ಹನ್ನೊಂದು ದಿನದ ಮಟ್ಟಿಗೆ ಸಾಕು. ಮದುವೆ, ಪ್ರವಾಸ ಅಂತ ಹದಿನೈದು ದಿನ ಮನೆ ಬಿಡುವವರು 2 ಟಿಬಿ ತಗೊಳ್ಳಿ.

ಕ್ಯಾಮೆರಾ ಹಾಕಿಕೊಟ್ಟವರೆದುರೇ ಪಾಸ್‌ವರ್ಡ್ ಬದಲಿಸಿ. ಬಿಲ್ ಕೇಳಿ. 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ, ಹೆಸರಿಲ್ಲದ ಅಗ್ಗದ ಮಾಲು ಬೇಡ. ಪಕ್ಕದವರ ಬಚ್ಚಲು, ಅಂಗಳ ಕಾಣದಂತೆ ತಿರುಗಿಸಿ.

ರಾತ್ರಿ ಪರೀಕ್ಷೆ

ದುಡ್ಡು ಕೊಡುವ ಮೊದಲು ಕತ್ತಲಲ್ಲಿ ಒಬ್ಬರಿಗೆ ಕೊಡೆ ಕೊಟ್ಟು ಉಣುಗೋಲಿನಿಂದ ನಡೆದು ಬರಲು ಹೇಳಿ. ಆಮೇಲೆ ರೆಕಾರ್ಡಿಂಗ್ ತೆಗೆದು, ಅವರ ಪರಿಚಯ ಇಲ್ಲದವರಿಗೆ ತೋರಿಸಿ. ಮರುದಿನ ಎದುರು ಸಿಕ್ಕರೆ ಗುರುತು ಹಿಡಿಯಬಹುದಾ ಅಂತ ಕೇಳಿ. ಆಗುವುದಿಲ್ಲ ಅಂದರೆ ಕ್ಯಾಮೆರಾ ಇಳಿಸಿ, ತಿರುಗಿಸಿ, ಮತ್ತೆ ನಡೆಸಿ. ನಮ್ಮಲ್ಲಿ ಮೂರು ಸಲ ನಡೆಸಬೇಕಾಯಿತು.

ಕಳ್ಳತನ ಆಗಿಯೇಬಿಟ್ಟರೆ 112ಕ್ಕೆ ಫೋನ್ ಮಾಡಿ. ಹಳೆಯದರ ಮೇಲೆ ಹೊಸದು ಕೂರುವ ಮೊದಲು ಆ ಹೊತ್ತಿನ ರೆಕಾರ್ಡಿಂಗನ್ನು ಪೆನ್‌ಡ್ರೈವ್‌ಗೆ ಇಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ್ದು ಗುಣಮಟ್ಟ ಕಳೆದುಕೊಂಡಿರುತ್ತದೆ. ಕೋರ್ಟಿಗೆ ರೆಕಾರ್ಡಿಂಗ್ ಯಾವ ಯಂತ್ರದಿಂದ, ಹೇಗೆ ಬಂತು ಎಂದು ಹೇಳುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ. ಅದಕ್ಕೇ ಪೊಲೀಸರು ನೋಡುವವರೆಗೆ ಮೂಲ ಡಿಸ್ಕನ್ನು ಅಳಿಸಬೇಡಿ, ರಿಪೇರಿಗೂ ಕೊಡಬೇಡಿ.