ಕಲಬುರಗಿ ಬಿಸಿಲಲ್ಲಿ ಕಾಫಿ ಬೀಜ ಕಮಟು ಹಿಡಿಯದಂತೆ (ನನ್ನ ಅನುಭವ)

ಏಪ್ರಿಲ್–ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಹುರಿದ ಬೀಜದ ಎಣ್ಣೆ ಆ ಸೆಕೆಗೆ ಬೇಗ ಕೆಡುತ್ತದೆ, ಡಿಕಾಕ್ಷನ್ ಕಮಟು ಹೊಡೆಯುತ್ತದೆ. ಪರಿಹಾರ ಕೊಳ್ಳುವಾಗಲೇ ಶುರು: ಹುರಿದ ದಿನಾಂಕ ನೋಡಿ ಚಿಕ್ಕಮಗಳೂರು ಅಥವಾ ಕೊಡಗಿನ ಬೀಜ 250 ಗ್ರಾಂ ಮಾತ್ರ ತರಿಸಿದೆ. ಚಿಕೋರಿ ಪುಡಿ ಬೇರೆಯೇ ಇರಲಿ, ಅದು ಗಾಳಿಯ ತೇವ ಎಳೆದು ಗಂಟು ಕಟ್ಟುತ್ತದೆ.

ಬೀಜವನ್ನು 50 ಗ್ರಾಂನಂತೆ ಗಾಳಿಯಾಡದ ಪೊಟ್ಟಣಗಳಲ್ಲಿ ಕಟ್ಟಿ ಫ್ರೀಜರ್‌ನಲ್ಲಿಟ್ಟೆ. ಹೊರತೆಗೆದ ಪೊಟ್ಟಣವನ್ನು ಎರಡು ತಾಸು ಬಿಚ್ಚಲೇಬಾರದು. ತಣ್ಣನೆಯ ಬೀಜಕ್ಕೆ ಬಿಸಿಗಾಳಿ ತಗುಲಿದರೆ ನೀರು ಕೂಡುತ್ತದೆ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಇನ್ನು ಮಿಕ್ಸರ್. ಒಂದೇ ಸಮ ತಿರುಗಿಸಿದರೆ ಜಾರ್ ಕಾಯುತ್ತದೆ, ಅರ್ಧ ಹಿಟ್ಟಾಗಿ ಅರ್ಧ ನುಚ್ಚಾಗುತ್ತದೆ. ಆ ಹಿಟ್ಟೇ ಫಿಲ್ಟರ್ ತೂತು ಮುಚ್ಚಿ ಡಿಕಾಕ್ಷನ್ ಇಳಿಯದಂತೆ ಮಾಡುವುದು. ಸಣ್ಣ ಜಾರ್‌ಗೆ 30 ಗ್ರಾಂ ಹಾಕಿ, ಮೂರು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಅಲುಗಾಡಿಸಿ. ಏಳೆಂಟು ಸಲಕ್ಕೆ ಸಣ್ಣ ರವೆಯ ಹದ ಬರುತ್ತದೆ. ಶೇಂಗಾ ಹಿಂಡಿ (ಬೆಳ್ಳುಳ್ಳಿ ಹಾಕಿದ ಚಟ್ನಿಪುಡಿ) ಮಾಡಿದ ಜಾರ್ ಆದರೆ ಮೊದಲು ಒಂದು ಹಿಡಿ ಒಣ ಅಕ್ಕಿ ತಿರುಗಿಸಿ ಚೆಲ್ಲಿ. ಬೆಳ್ಳುಳ್ಳಿ ವಾಸನೆ ಕಾಫಿಗೆ ಸೇರಿದರೆ ಬಿಡಿಸಲಾಗದು.

20 ಗ್ರಾಂ ಪುಡಿಗೆ 120 ಮಿಲಿ ಕುದಿನೀರು, ಪುಡಿಯನ್ನು ಮೆಲ್ಲಗೆ ಒತ್ತಿದರೆ ಸಾಕು.