ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದ ಕಂಪ್ಯೂಟರ್ ಮತ್ತು ಬಾವಿಯ ಪಂಪು

ನಾನು ಮನೆಯಲ್ಲೇ ಕೂತು ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುವವನು. ಮನೆ ಕಟಪಾಡಿಯಿಂದ ಮಟ್ಟುವಿಗೆ ಹೋಗುವ ದಾರಿಯಲ್ಲಿ. ತುಳುನಾಡಿನ ಆಟಿ ತಿಂಗಳು ಶುರುವಾಗಿ ಎರಡು ದಿನ ಆಗಿತ್ತು, ಮಳೆ ಬಿಡದೆ ಹೊಯ್ಯುತ್ತಿತ್ತು. 20ನೇ ತಾರೀಕಿನೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕೆಂದು ಬೆಳಿಗ್ಗೆಯೇ ಕೂತಿದ್ದೆ. ಪರದೆ ಟಕ್ಕಂತ ಕಪ್ಪಾಯಿತು. ಮರುಕ್ಷಣ ಕಂಪ್ಯೂಟರ್ ತಾನೇ ಮೊದಲಿಂದ ಶುರುವಾಯಿತು. ಒಂದು ಗಂಟೆ ಹೊಡೆದ ಎಂಟ್ರಿ ಹೋಯಿತು, ಸೇವ್ ಮಾಡಿರಲಿಲ್ಲ.

ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಹಾಗಾಗಿ ಕರೆಂಟಿನ ಮೇಲೆ ಅನುಮಾನವೇ ಬರಲಿಲ್ಲ. ಕರೆಂಟ್ ಹೋದರೆ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಬೇರೆ ಉಂಟಲ್ಲ. ಮರುದಿನ ಎರಡು ಸಲ, ಅದರ ಮರುದಿನ ಒಂದು ಸಲ ಹಾಗೇ ಆಯಿತು. ಪಕ್ಕದ ಮನೆಯ ಹುಡುಗ ಬಂದು ನೋಡಿ, "ವೈರಸ್ ಇರ್ಬೇಕು ಅಣ್ಣ, ಫಾರ್ಮ್ಯಾಟ್ ಮಾಡುವ" ಅಂದ. ಏನೇ ಆದರೂ ಫಾರ್ಮ್ಯಾಟ್ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಬೇಡ ಅಂದೆ.

ಮೊದಲು ಸಿಸ್ಟಮ್ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್ಡ್‌ನಲ್ಲಿರುವ ಸ್ಟಾರ್ಟಪ್ ಆ್ಯಂಡ್ ರಿಕವರಿ ತೆರೆದು, 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬ ಟಿಕ್ ತೆಗೆದೆ. ವಿಂಡೋಸ್ ಕ್ರ್ಯಾಶ್ ಆಗಿದ್ದರೆ ಆಗ ನೀಲಿ ಪರದೆ ನಿಂತುಕೊಳ್ಳುತ್ತದೆ, ಅದರಲ್ಲಿರುವ ಕೋಡ್ ಬರೆದುಕೊಳ್ಳಬಹುದು. ಆದರೆ ನೀಲಿ ಪರದೆ ಬರಲೇ ಇಲ್ಲ. ಮತ್ತದೇ ಟಕ್, ಮತ್ತದೇ ಶುರು. ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ (ವಿಂಡೋಸ್ ತನಗಾದದ್ದನ್ನು ಬರೆದಿಡುವ ಪಟ್ಟಿ) ತೆರೆದರೆ ಪ್ರತಿ ಸಲಕ್ಕೂ 'ಕರ್ನಲ್-ಪವರ್ 41' ಅಂತ ಒಂದು ಕೆಂಪು ಗುರುತು. ಇದು ರೋಗದ ಹೆಸರಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಅಂತ ಮಾತ್ರ ಅದು ಹೇಳುತ್ತದೆ. ಉಪಯೋಗಕ್ಕೆ ಬಂದದ್ದು ಅದರ ಡೀಟೇಲ್ಸ್‌ನಲ್ಲಿದ್ದ ಬಗ್‌ಚೆಕ್ ಕೋಡ್. ಕ್ರ್ಯಾಶಿನ ಕಾರಣ ಹೇಳುವ ಈ ಸಂಖ್ಯೆ 0 ಇತ್ತು. ಅಂದರೆ ವಿಂಡೋಸ್‌ಗೆ ಕ್ರ್ಯಾಶ್ ಬರೆದಿಡಲೂ ಪುರುಸೊತ್ತು ಸಿಕ್ಕಿಲ್ಲ. ಬಿಸಿ ಜಾಸ್ತಿಯಾಗಿರಬೇಕು, ಇಲ್ಲವೇ ಒಳಗೆಲ್ಲೋ ವಿದ್ಯುತ್ ಕಡಿಯುತ್ತಿರಬೇಕು.

ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್ ಬಿಚ್ಚಿದೆ. ಧೂಳು ನಿರೀಕ್ಷಿಸಿದ್ದೆ. ಮೊದಲು ಕಂಡದ್ದು ಹಲ್ಲಿಯ ಮೊಟ್ಟೆಯ ಎರಡು ಚಿಪ್ಪು. ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಕಡಲು ಹತ್ತಿರ, ಸಾಲದ್ದಕ್ಕೆ ಮಳೆಗಾಲದ ತೇವ. ಸ್ಕ್ರೂಗಳಿಗೆ ತುಕ್ಕು, ಮೆಮರಿ ಪಟ್ಟಿಯಾದ ರ‍್ಯಾಮ್‌ನ ಬಂಗಾರದ ಬಣ್ಣದ ಹಲ್ಲುಗಳು ಮಂಕು. ಬ್ರಷ್‌ನಿಂದ ಧೂಳು ತೆಗೆದೆ. ರ‍್ಯಾಮ್‌ನ ಹಲ್ಲುಗಳನ್ನು ಮೆತ್ತಗಿನ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಉಳಿಯದಂತೆ ಒರೆಸಿದೆ. ಪ್ರೊಸೆಸರಿನ ಬಿಸಿಯನ್ನು ಹೊರದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು, ಅದನ್ನು ತೆಗೆದು ಹೊಸದು ಹಚ್ಚಿದೆ. ರಾತ್ರಿ ಮಲಗುವಾಗ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್ (ಮೆಮರಿ ಪರೀಕ್ಷಿಸುವ ಪ್ರೋಗ್ರಾಂ) ಓಡಲು ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಒಂದೂ ತಪ್ಪಿಲ್ಲ, ಒಂದೂ ರೀಸ್ಟಾರ್ಟ್ ಇಲ್ಲ.

ನಾಲ್ಕು ದಿನ ಶಾಂತ. ಸಿಕ್ಕಿದವರಿಗೆಲ್ಲ ರಬ್ಬರಿನ ಮಹಿಮೆ ಹೇಳಿದೆ.

ಐದನೇ ದಿನ ಬೆಳಿಗ್ಗೆ ಮತ್ತೆ ಟಕ್. ನನ್ನ ಬೈಗುಳ ಕೇಳಿ ಅಮ್ಮ ಅಡುಗೆ ಕೋಣೆಯಿಂದಲೇ ಕೇಳಿದರು: "ಅದು ನಾನು ಪಂಪ್ ಹಾಕುವಾಗ ಅಲ್ವಾ ಮಾರಾಯ ಆಫ್ ಆಗುದು?"

ನಾನು ಸುಮ್ನೆ ಕೂತೆ. ಹಿಂದಿನ ನಾಲ್ಕು ದಿನ ಬಾವಿಯ ಪಂಪಿನ ಫುಟ್‌ವಾಲ್ವ್ ಹಾಳಾಗಿ ನಾವು ಹಗ್ಗ ಹಾಕಿ ನೀರು ಸೇದಿದ್ದೆವು. ಹಿಂದಿನ ಸಂಜೆಯಷ್ಟೇ ರಿಪೇರಿಯಾಗಿತ್ತು. ಮೆಮ್‌ಟೆಸ್ಟ್ ಓಡಿದ್ದು ರಾತ್ರಿ, ರಾತ್ರಿ ಯಾರು ಪಂಪ್ ಹಾಕುತ್ತಾರೆ? ಗೋಡೆಯ ಕ್ಯಾಲೆಂಡರಿನಲ್ಲಿ ರೀಸ್ಟಾರ್ಟ್ ಆದ ಸಮಯ ಗುರುತು ಹಾಕುತ್ತಿದ್ದೆ. ಎಲ್ಲವೂ ಬೆಳಿಗ್ಗೆ ಎಂಟರ ಆಸುಪಾಸು ಇಲ್ಲವೇ ಸಂಜೆ. ಗುರುತು ಹಾಕಿದವನು ನಾನು, ಓದಿದವರು ಅಮ್ಮ.

ಪರೀಕ್ಷೆ ಮಾಡಿದೆವು. ಯುಪಿಎಸ್ ಬಿಟ್ಟು ಕಂಪ್ಯೂಟರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಅಮ್ಮ ಪಂಪ್ ಹಾಕಿದರು. ಬಲ್ಬು ಒಂದು ಗಳಿಗೆ ಮಂಕಾಯಿತು, ಕಂಪ್ಯೂಟರ್‌ಗೆ ಏನೂ ಆಗಲಿಲ್ಲ. ಮೂರು ಸಲ ಹಾಕಿ ತೆಗೆದರೂ ಇಲ್ಲ. ಯುಪಿಎಸ್‌ಗೆ ಮರಳಿ ಹಾಕಿ, ಪಂಪ್ ಶುರು ಮಾಡಿದ ತಕ್ಷಣ ಟಕ್.

ಕಾಪಾಡಬೇಕಾದ್ದೇ ಕೈಕೊಡುತ್ತಿತ್ತು. ಪಂಪಿನ ಮೋಟಾರು ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ನಮ್ಮದು ಹಳೆಯ ಸಣ್ಣ ವೈರಿಂಗು, ಪಂಪು ಮತ್ತು ನನ್ನ ಕೋಣೆ ಒಂದೇ ಲೈನಿನಲ್ಲಿ. ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಅಷ್ಟನ್ನು ಕಂಪ್ಯೂಟರಿನ ಎಸ್‌ಎಂಪಿಎಸ್ (ಕರೆಂಟ್ ಪರಿವರ್ತಿಸಿ ಒಳಗೆ ಕೊಡುವ ಡಬ್ಬಿ) ತಾನೇ ತಡೆದುಕೊಳ್ಳುತ್ತದೆ. ಆದರೆ ಯುಪಿಎಸ್ ಕರೆಂಟ್ ಹೋಯಿತೆಂದು ಬ್ಯಾಟರಿಗೆ ಹಾರುತ್ತದೆ, ಬ್ಯಾಟರಿಯಲ್ಲಿ ಜೀವವೇ ಇಲ್ಲ. ಹಾರುವಾಗ ಒಳಗಿನ ರಿಲೇ ಸ್ವಿಚ್ಚು ಟಿಕ್ ಅನ್ನುವುದು ಮಳೆಯ ಸದ್ದಿನಲ್ಲಿ ನನಗೆ ಕೇಳಿರಲಿಲ್ಲ.

ಮಲ್ಟಿಮೀಟರ್ ಹಿಡಿದರೆ ಬ್ಯಾಟರಿ 12.4 ವೋಲ್ಟ್ ತೋರಿಸಿತು. ನೋಡಲಿಕ್ಕೆ ಗಟ್ಟಿ. ಇಲ್ಲಿ ಸುಮಾರು ಜನ ಮೋಸಹೋಗುತ್ತಾರೆ, ಭಾರ ಹೊರಿಸದೆ ಬ್ಯಾಟರಿಯ ಬಣ್ಣ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಬದಲು 60 ವ್ಯಾಟಿನ ಹಳೆಯ ಬಲ್ಬಿನ ಟೇಬಲ್ ಲ್ಯಾಂಪ್ ಹಾಕಿ, ಯುಪಿಎಸ್‌ನ ಪ್ಲಗ್ ಕಿತ್ತೆ. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ಆರಿತು.

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್, ಹಿಡಿಯುವ ಚಾರ್ಜಿನ ಅಳತೆ) ಬ್ಯಾಟರಿ ಸಿಕ್ಕಿತು. ಹಳೆಯದನ್ನು ಕೊಟ್ಟರೆ ಸ್ವಲ್ಪ ಕಡಿಮೆ ಮಾಡಿದರು. ಕೆಂಪು ವೈರು ಪ್ಲಸ್, ಕಪ್ಪು ಮೈನಸ್, ಇದು ತಪ್ಪಬಾರದು. ರಾತ್ರಿಯಿಡೀ ಚಾರ್ಜ್‌ಗೆ ಬಿಟ್ಟು, ಬೆಳಿಗ್ಗೆ ಅದೇ ಲ್ಯಾಂಪ್ ಹಾಕಿ ಪ್ಲಗ್ ಕಿತ್ತರೆ ಬಲ್ಬು ಆರಲೇ ಇಲ್ಲ.

ಪಂಪಿಗೆ ಬೇರೆ ಲೈನ್ ಎಳೆಯಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ, ಮಳೆ ಬಿಡಲಿ ಅಂದಿದ್ದಾರೆ. ಅಮ್ಮನಿಗೆ ಮಾತ್ರ ಹೊಸ ಬ್ಯಾಟರಿಯ ಮೇಲೆ ನಂಬಿಕೆ ಇಲ್ಲ. ಈಗಲೂ ಸ್ವಿಚ್ಚಿನ ಮೇಲೆ ಕೈಯಿಟ್ಟು ಕೂಗುತ್ತಾರೆ: "ಪಂಪ್ ಹಾಕ್ತೇನೆ, ಸೇವ್ ಮಾಡಿದ್ಯಾ?"