ಡ್ಯಾಮಿನ ಹಿನ್ನೀರಿಗೆ ಒಂದು ಚಿಕ್ಕ ಹಾಯಿದೋಣಿ: ಕೊಳ್ಳುವುದು, ನಡೆಸುವುದು, ಕಾಪಾಡುವುದು

ದುಡ್ಡು ಎಷ್ಟು ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ದೋಣಿಯನ್ನು ನೀರಿನಿಂದ ದಡಕ್ಕೆ ಎಳೆಯಲು ಎಷ್ಟು ಜನ ಬೇಕು? ನಾಲ್ಕು ಜನ ಬೇಕು ಅನ್ನುವುದಾದರೆ ಆ ದೋಣಿ ಬೇಡ. ನಾಲ್ಕು ಜನಕ್ಕೂ ಒಂದೇ ದಿನ ಬಿಡುವು ಸಿಗುವುದು ಅಪರೂಪ. ಒಬ್ಬರೇ ಅಥವಾ ಇಬ್ಬರು ಸೇರಿ ಎಳೆಯುವಂಥದ್ದು ತಗೊಳ್ಳಿ. ಅದು ವಾರ ವಾರ ನೀರಿಗೆ ಇಳಿಯುತ್ತದೆ. ದೊಡ್ಡದು ಮನೆ ಹಿಂದೆ ತಾಡಪತ್ರಿ ಹೊದ್ದು ಮಲಗುತ್ತದೆ.

ನಾನು ಮುನಿರಾಬಾದಿನವನು. ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದ್ದಾಗ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಕಟ್ಟಲು ಕಲಿತೆ. ಸೇನೆಯ ಎಂಜಿನಿಯರ್‌ಗಳು 1985ರಲ್ಲಿ ‘ತೃಷ್ಣಾ’ ಎಂಬ 37 ಅಡಿಯ ಹಾಯಿದೋಣಿಯಲ್ಲಿ ಹೊರಟು, ಭೂಮಿ ಸುತ್ತಿ 1987ರಲ್ಲಿ ವಾಪಸ್ ಬಂದರು. ಭಾರತದ ಹಾಯಿದೋಣಿ ಹಾಗೆ ಸುತ್ತಿ ಬಂದಿದ್ದು ಅದೇ ಮೊದಲು. ಆ ಮಾತು ತೆಗೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ. ನಿವೃತ್ತಿಯಾಗಿ ಊರಿಗೆ ಬಂದಾಗ ಮನೆ ಹತ್ತಿರವೇ ಇಷ್ಟು ನೀರು ಇತ್ತು. ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ ತುಂಗಭದ್ರಾ ಜಲಾಶಯ. ಅದರ ಮೇಲೆ ಒಂದೂ ಹಾಯಿ ಇಲ್ಲವಲ್ಲ ಅನ್ನುವ ಸಂಕಟಕ್ಕೆ ದೋಣಿ ತಂದೆ. ಈಗ ನಮ್ಮ ಕಡೆಯ ಹುಡುಗರು ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಯಾವ ದೋಣಿ

ಮಕ್ಕಳಿಗಾದರೆ ಆಪ್ಟಿಮಿಸ್ಟ್. ಏಳೂಮುಕ್ಕಾಲು ಅಡಿ ಉದ್ದ, 35 ಕಿಲೋ ಒಡಲು. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ಮಾಡಿದ ವಿನ್ಯಾಸ. ಇವತ್ತಿಗೂ ಪ್ರಪಂಚದ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ದೊಡ್ಡವರು ಒಬ್ಬರೇ ಹೋಗುವುದಾದರೆ ಲೇಸರ್. ಸುಮಾರು 14 ಅಡಿ, ಒಡಲು 59 ಕಿಲೋ, ಒಂದೇ ಹಾಯಿ. ಅದು ಚುರುಕು, ಆದರೆ ಕೂತವರು ನೆನೆಯುವುದು ಖಂಡಿತ.

ನನ್ನ ಬಳಿ ಇರುವುದು ಎಂಟರ್‌ಪ್ರೈಸ್. ಹದಿಮೂರು ಅಡಿಗಿಂತ ಸ್ವಲ್ಪ ಉದ್ದ, ನೀಲಿ ಬಣ್ಣದ ಎರಡು ಹಾಯಿ, ಇಬ್ಬರಿಗೆ ಸರಿಯಾದ ಜಾಗ. ತೂಕ 90 ಕಿಲೋ ದಾಟುತ್ತದೆ. ಆದರೂ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಗಾಲಿಯ ಗಾಡಿ ಮಾಡಿಸಿಕೊಂಡರೆ ನಾನೂ ನನ್ನ ಮೊಮ್ಮಗನೂ ಎಳೆಯುತ್ತೇವೆ. ನಮ್ಮ ದೇಶದ ಕ್ಲಬ್ಬುಗಳಲ್ಲಿ ಇದು ಬಹಳ ಕಾಲದಿಂದ ಓಡುತ್ತಿದೆ. ಹಾಗಾಗಿ ಹಳೆಯದು ಸಿಗುತ್ತದೆ, ಬಿಡಿಭಾಗವೂ ಸಿಗುತ್ತದೆ. ಹೈದರಾಬಾದಿನ ಹುಸೇನ್ ಸಾಗರ, ಬೆಂಗಳೂರು, ಗೋವಾ, ಚೆನ್ನೈ ಕಡೆ ವಿಚಾರಿಸಿ. ರಾತ್ರಿ ಉಳಿಯುವ ಪ್ರವಾಸದ ಆಸೆ ಇದ್ದವರಿಗೆ 16 ಅಡಿಯ ವೇಫೇರರ್ ಇನ್ನೂ ಒಳ್ಳೆಯದು. ಫ್ರಾಂಕ್ ಡೈ ಎಂಬ ಇಂಗ್ಲೆಂಡಿನವರು 1963ರಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡಿಗೆ ಅಂಥ ದೋಣಿಯಲ್ಲೇ ಹೋಗಿದ್ದರು. ಮೇಲೆ ಸೂರಿಲ್ಲದ ದೋಣಿ ಅದು! ಚಿಕ್ಕ ದೋಣಿಗೆ ಕೈಲಾಗುವುದಿಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಹಳೆಯ ದೋಣಿ ನೋಡುವ ಬಗೆ

ಇಲ್ಲಿ ಅವಸರ ಮಾಡಬೇಡಿ. ಒಂದು ಬೆಳಗ್ಗೆ ಪೂರ್ತಿ ಇದಕ್ಕೇ ಇಡಿ. ಬಣ್ಣ ನೋಡಲೇಬೇಡಿ, ಬಣ್ಣ ಯಾರು ಬೇಕಾದರೂ ಹೊಡೆಸಬಹುದು.

ಒಂದು ರೂಪಾಯಿ ನಾಣ್ಯ ತಗೊಂಡು ಫೈಬರ್ ಒಡಲನ್ನು ಇಡೀ ಕುಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ. ಒಳಗೆ ಪದರ ಬಿಟ್ಟ ಕಡೆ ಮಂಕಾಗಿ ದಬ್ ಅನ್ನುತ್ತದೆ. ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ. ಆಮೇಲೆ ಅಂಗೈಯಿಂದ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋದರೆ ಕೆಳಗಿನದು ಕೊಳೆತಿದೆ. ಹಾಯಿಕಂಬ ಕೂರುವ ಜಾಗ, ನಡುವಿನ ಹಲಗೆ ಇಳಿಯುವ ಸೀಳು, ಚುಕ್ಕಾಣಿ ನೇತುಹಾಕುವ ಹಿಂಭಾಗದ ಕೊಂಡಿ, ಈ ಮೂರು ಕಡೆ ಭಾರವೆಲ್ಲ ಬೀಳುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿ ಬೆರಳಿಟ್ಟು ನೋಡಿ.

ಮುಂದಿನದು ಗಾಳಿ ಪೆಟ್ಟಿಗೆಗಳು. ದೋಣಿ ಮಗುಚಿದರೂ ತೇಲುವುದು ಇವುಗಳಿಂದ. ಮುಚ್ಚಳದ ತೂತಿನಲ್ಲಿ ಪೈಪ್ ಇಟ್ಟು, ಬಾಯಿಂದ ಊದಿ, ಜೋಡಣೆಗಳ ಮೇಲೆ ಸೋಪಿನ ನೀರು ಸವರಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುತ್ತಾರಲ್ಲ, ಹಾಗೆಯೇ ಗುಳ್ಳೆ ಬಂದ ಕಡೆ ಸೋರಿಕೆ. ಪಂಪು ಹಾಕಿ ಗಾಳಿ ತುಂಬಬೇಡಿ, ಪೆಟ್ಟಿಗೆ ಬಿರಿಯುತ್ತದೆ. ಒಳಗೆ ಸ್ಪಂಜಿನಂಥ ಫೋಮ್ ಇದ್ದರೆ ಅದು ನೀರು ಕುಡಿದಿರಬಹುದು. ತೂಕ ಹಾಕಿಸಿದರೆ ಗೊತ್ತಾಗುತ್ತದೆ.

ಹಾಯಿಯನ್ನು ಬಿಸಿಲಿಗೆ ಎತ್ತಿ ಹಿಡಿಯಿರಿ. ಮೊದಲು ಸಾಯುವುದು ಬಟ್ಟೆಯಲ್ಲ, ಹೊಲಿಗೆಯ ದಾರ. ಉಗುರಿನಿಂದ ಕೆರೆದರೆ ದಾರ ಪುಡಿಯಾದರೆ ಮತ್ತೆ ಹೊಲಿಸಬೇಕು. ತಾಡಪತ್ರಿ, ಶಾಮಿಯಾನ ಹೊಲಿಯುವವರ ದಪ್ಪ ಮಶಿನ್ನಿನಲ್ಲಿ ಆಗುತ್ತದೆ. ದಾರ ಮಾತ್ರ ಪಾಲಿಯೆಸ್ಟರ್ ಇರಲಿ, ಹತ್ತಿಯದು ಬೇಡ.

ಚಿಕ್ಕ ತೂತು, ಬಿರುಕುಗಳಿಗೆ ಹೆದರಬೇಕಿಲ್ಲ. ಫೈಬರ್ ಕೆಲಸ ಕೈಯಾರೆ ಕಲಿಯುವಂಥದ್ದು. ಸುತ್ತಲೂ ಉಜ್ಜು ಕಾಗದ ಹಾಕಿ ಇಳಿಜಾರಾಗಿ ಸವೆಸಿ, ಅಸಿಟೋನ್‌ನಿಂದ ಒರೆಸಿ, ಗಾಜಿನ ನಾರಿನ ಮ್ಯಾಟ್ ತುಂಡುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದರ ಮೇಲೊಂದು ರೆಸಿನ್ ಎಂಬ ಅಂಟಿನಲ್ಲಿ ಅಂಟಿಸುತ್ತಾ ಬನ್ನಿ. ನೂರು ಗ್ರಾಂ ಪಾಲಿಯೆಸ್ಟರ್ ರೆಸಿನ್‌ಗೆ, ಅದನ್ನು ಗಟ್ಟಿ ಮಾಡುವ ಕ್ಯಾಟಲಿಸ್ಟ್ 1ರಿಂದ 2 ಗ್ರಾಂ. ನಮ್ಮ ಕಡೆ ಬಿಸಿಲಿಗೆ 1 ಗ್ರಾಂ ಸಾಕು, ಜಾಸ್ತಿ ಹಾಕಿದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿ. ಒಂದು ಎಚ್ಚರಿಕೆ. ರೆಸಿನ್ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟ್ ಬೇರೆ, ಕ್ಯಾಟಲಿಸ್ಟ್ ಬೇರೆ ಅಂಗಡಿಯವರು ಕೊಡುತ್ತಾರೆ. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್ ಹಾಕಿ.

ನಮ್ಮ ನೀರು, ನಮ್ಮ ಗಾಳಿ

ಪುಸ್ತಕ ಓದಿ ಹಾಯಿ ಕಟ್ಟಲು ಕಲಿಯಬಹುದು. ನಿಮ್ಮ ನೀರನ್ನು ಮಾತ್ರ ದಡದಲ್ಲಿ ಕೂತೇ ಕಲಿಯಬೇಕು.

ಅಣೆಕಟ್ಟು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ. ದೋಣಿ ಇಳಿಸುವ ಮೊದಲು ಎಲ್ಲಿ ಇಳಿಸಬಹುದು, ಎಲ್ಲಿ ಬಾರದು ಅಂತ ಕೇಳಿ, ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ಅಣೆಕಟ್ಟಿನ ಹತ್ತಿರ ಯಾವ ಕಾಲದಲ್ಲೂ ಹೋಗಬೇಡಿ. ಇದು ಬರೀ ಕಾನೂನಿನ ಮಾತಲ್ಲ. ಹಿನ್ನೀರು ಅಣೆಕಟ್ಟಿನಿಂದ ಪಶ್ಚಿಮ, ನೈರುತ್ಯದ ಕಡೆ ಚಾಚಿದೆ. ಮುಂಗಾರಿನ ಗಾಳಿ ಬೀಸುವುದೂ ಅಲ್ಲಿಂದಲೇ. ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ನೀರಿನ ಮೇಲಿದ್ದ ಎಲ್ಲವನ್ನೂ 33 ಗೇಟುಗಳ ಕಡೆಗೇ ತಳ್ಳುತ್ತದೆ. ಚುಕ್ಕಾಣಿ ಮುರಿದರೆ, ಹಾಯಿ ಹರಿದರೆ ನೀವು ಹೋಗಿ ಸೇರುವುದು ಅಲ್ಲಿಗೇ. ಕಲಿಯುವವರು ಆ ನಾಲ್ಕು ತಿಂಗಳು ದೋಣಿ ಇಳಿಸಲೇಬಾರದು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಗದಗ ಕಡೆಯ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಅದು.

ಒಳ್ಳೆಯ ಕಾಲ ಅಂದರೆ ಅಕ್ಟೋಬರ್ ನಡುವಿನಿಂದ ಫೆಬ್ರವರಿ. ನೀರು ಇನ್ನೂ ಮೇಲಿರುತ್ತದೆ, ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಮೆಲ್ಲಗೆ ಬರುತ್ತದೆ. ಈ ಗಾಳಿ ನಿಮ್ಮನ್ನು ಅಣೆಕಟ್ಟಿನಿಂದ ದೂರ ಒಯ್ಯುತ್ತದೆ. ಆದರೆ ಹೋಗುವಾಗ ಸಲೀಸು ಅನಿಸಿದ್ದು ಬರುವಾಗ ಎದುರು ಗಾಳಿಯಾಗುತ್ತದೆ. ಅದಕ್ಕೇ ಮೊದಲು ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯ ಜೊತೆ ವಾಪಸ್ ಬನ್ನಿ. ಕೆಲವು ವರ್ಷ ಚಳಿಗಾಲದಲ್ಲಿ ನೀರು ಪಾಚಿಗಟ್ಟಿ ಹಸಿರಾಗುತ್ತದೆ. ಆಗ ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಬಂದ ಮೇಲೆ ಮೈ ತೊಳೆದುಕೊಳ್ಳಿ.

ಮಾರ್ಚ್ ಆದಮೇಲೆ ನೀರು ಇಳಿದು ಹಳೆಯ ಊರುಗಳ ಕಲ್ಲುಗೋಡೆ, ಮರದ ಬೊಡ್ಡೆಗಳು ಮೇಲೆ ಬರುತ್ತವೆ. ಇನ್ನೂ ಪೂರ್ತಿ ಮೇಲೆ ಬಾರದೆ ಒಂದಡಿ ಕೆಳಗಿದ್ದವು ಅಪಾಯ. ಪೂರ್ಣ ಮಟ್ಟ 1,633 ಅಡಿ. ಇವತ್ತು ಎಷ್ಟಿದೆ ಅಂತ ಪೇಪರಿನಲ್ಲಿ ಬರುತ್ತದೆ. ಅದನ್ನು ನೋಡದೆ ನಾನು ಮನೆ ಬಿಡುವುದಿಲ್ಲ. ಮಟ್ಟ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದು 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಎಲ್ಲರೂ ನೋಡಿದ್ದೇ ಅಲ್ವಾ? ದೋಣಿಯನ್ನು ನೀರಿನಂಚಿಗೆ ಕಟ್ಟಿ ಬಿಟ್ಟು ಬರಬೇಡಿ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಮುಂಗಾರಿಗಿಂತ ಮೋಸಗಾರ. ಗಾಳಿ ಪೂರ್ತಿ ಬಿದ್ದು, ಸೆಖೆ ಏರಿ, ಮೋಡ ಕಪ್ಪಾಯಿತೆಂದರೆ ಹಾಯಿ ಇಳಿಸಿ ದಡಕ್ಕೆ ಬನ್ನಿ. ನೀರಿನ ಮೇಲೆ ಎಲ್ಲಕ್ಕಿಂತ ಎತ್ತರ ನಿಮ್ಮ ಅಲ್ಯೂಮಿನಿಯಂ ಕಂಬ, ಸಿಡಿಲಿಗೆ ಅದೇ ಗುರಿ. ಮೀನುಗಾರರ ಮಾತು ಕೇಳಿ. ನನಗೆ ಪರಿಚಯದ ಒಬ್ಬ ಹಿರಿಯರು ಮುಗಿಲು ನೋಡಿ, “ಸಾಹೇಬ್ರ, ಇವತ್ತ ಇಳಿಬ್ಯಾಡ್ರಿ” ಅಂದರೆ ನಾನು ಚರ್ಚೆ ಮಾಡುವುದಿಲ್ಲ, ದೋಣಿ ಹೊದಿಸಿ ಚಹಾಕ್ಕೆ ಹೋಗುತ್ತೇನೆ. ಅವರ ಬಲೆ ಎಲ್ಲಿದೆ ಅಂತಲೂ ಮೊದಲೇ ಕೇಳಿಟ್ಟುಕೊಳ್ಳಿ. ಬಲೆ ಅವರ ಅನ್ನ.

ಗಾಳಿಯ ದಿಕ್ಕು ನೋಡಲು ನನಗೆ ಗಿಣಿಗೇರಿ ಕಡೆಯ ಚಿಮಣಿಗಳ ಹೊಗೆ ಸಾಕು. ವೇಗಕ್ಕೆ ನೀರನ್ನೇ ನೋಡಿ. ಸಣ್ಣ ಅಲೆಗಳಿದ್ದು, ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಂಟೆಗೆ 15ರಿಂದ 20 ಕಿಲೋಮೀಟರ್, ಅದೇ ಒಳ್ಳೆಯ ಗಾಳಿ. ಎಲ್ಲಾ ಕಡೆ ಬಿಳಿ ನೊರೆ ಎದ್ದಿದ್ದರೆ ಹೊಸಬರು ದಡದಲ್ಲೇ ಇರಲಿ.

ನಡೆಸುವುದು

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ಆನೆಗೊಂದಿ ಬಳಿ ನಮ್ಮ ಹರಿಗೋಲು ನೋಡಿ ಬರೆದಿಟ್ಟಿದ್ದಾನೆ. ಹೊರಗೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ. ಅಲ್ಲೇ ಹತ್ತಿರದ ಸಾಣಾಪುರದಲ್ಲಿ ಇವತ್ತು ಕೂತರೂ ಹಾಗೇ ಸುತ್ತುತ್ತದೆ. ಯಾಕೆಂದರೆ ಅದರ ತಳಕ್ಕೆ ನೀರನ್ನು ಹಿಡಿಯುವಂಥದ್ದು ಏನೂ ಇಲ್ಲ. ಹಾಯಿದೋಣಿಯ ನಡುವಿನಿಂದ ಒಂದು ಹಲಗೆ ನೀರಿಗೆ ಇಳಿದಿರುತ್ತದೆ. ಗಾಳಿ ಪಕ್ಕಕ್ಕೆ ನೂಕುತ್ತದೆ, ಹಲಗೆ ಪಕ್ಕಕ್ಕೆ ಹೋಗಲು ಬಿಡುವುದಿಲ್ಲ, ಉಳಿದ ಬಲ ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಇದು ತಲೆಗೆ ಹೋದರೆ ಅರ್ಧ ವಿದ್ಯೆ ಬಂದಂತೆ.

ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗದು. ಸುಮಾರು 45 ಡಿಗ್ರಿ ಓರೆಯಾಗಿ ಒಂದಷ್ಟು ದೂರ ಹೋಗಿ, ಮೂತಿಯನ್ನು ಗಾಳಿಯ ಮೂಲಕ ತಿರುಗಿಸಿ, ಇನ್ನೊಂದು ಬದಿಗೆ ಅಷ್ಟೇ ಓರೆಯಾಗಿ ಹೋಗಬೇಕು. ತಿರುಗಿಸುವ ಮುನ್ನ ವೇಗ ಇರಬೇಕು, ಇಲ್ಲದಿದ್ದರೆ ನಡುವೆಯೇ ನಿಂತುಬಿಡುತ್ತದೆ. ಗಾಳಿ ಬೆನ್ನಿಗಿದ್ದಾಗ ತಿರುಗಿಸುವುದು ಬೇರೆ. ಆಗ ಹಾಯಿಯ ಅಡಿಯ ಕೋಲು ಒಂದು ಬದಿಯಿಂದ ಇನ್ನೊಂದಕ್ಕೆ ರಪ್ ಅಂತ ಬರುತ್ತದೆ. ತಲೆ ಬಗ್ಗಿಸಿ. ಜೊತೆಗಿದ್ದವರಿಗೂ ಕೂಗಿ ಹೇಳಿ.

ಹಾಯಿಯ ಹಗ್ಗವನ್ನು ಕೈಯಲ್ಲೇ ಹಿಡಿದಿರಿ, ಕಟ್ಟಿ ಬಿಡಬೇಡಿ. ದೋಣಿ ಜಾಸ್ತಿ ವಾಲಿತೆಂದರೆ ಹಗ್ಗ ಸಡಿಲ ಬಿಡಿ. ಹಾಯಿ ಪಟಪಟ ಬಡಿಯುತ್ತದೆ, ದೋಣಿ ನೆಟ್ಟಗಾಗುತ್ತದೆ. ಏನು ಮಾಡಬೇಕು ಅಂತ ತೋಚದಾಗಲೂ ಇದೇ.

ಮಗುಚುವುದು ಅಪಘಾತವಲ್ಲ, ಪಾಠ. ಮೊದಲ ವಾರವೇ ಎದೆಮಟ್ಟಕ್ಕಿಂತ ಸ್ವಲ್ಪ ಆಳದ ನೀರಿನಲ್ಲಿ, ಪಕ್ಕದಲ್ಲಿ ಹರಿಗೋಲಿನವರನ್ನು ನಿಲ್ಲಿಸಿಕೊಂಡು, ಬೇಕೆಂದೇ ಮಗುಚಿ ಕಲಿಯಿರಿ. ಹಗ್ಗ ಸಡಿಲ ಮಾಡಿ, ಮೂತಿಯನ್ನು ಗಾಳಿಗೆ ತಿರುಗಿಸಿ, ಹೊರಗೆ ಚಾಚಿದ ಹಲಗೆಯನ್ನು ಹಿಡಿದು ಮೇಲೆ ನಿಂತು, ಅಂಚನ್ನು ಎಳೆದು ಹಿಂದಕ್ಕೆ ವಾಲಿ. ದೋಣಿ ಏಳುತ್ತದೆ. ಹಿಂಭಾಗದಿಂದ ಹತ್ತಿ. ಏಳದಿದ್ದರೂ ದೋಣಿ ಬಿಟ್ಟು ದಡಕ್ಕೆ ಈಜಬೇಡಿ. ದಡ ಕಂಡಷ್ಟು ಹತ್ತಿರ ಇರುವುದಿಲ್ಲ, ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ. ಲೈಫ್ ಜಾಕೆಟ್ ಹಾಕದವರನ್ನು, ಎಂಥ ಈಜುಗಾರರಾದರೂ, ನಾನು ಹತ್ತಿಸುವುದಿಲ್ಲ.

ಗಂಟುಗಳು ಮೂರು ಬಂದರೆ ಸಾಕು. ಹಗ್ಗದ ತುದಿ ಜಾರದಂತೆ ಎಂಟರ ಗಂಟು, ಬಿಗಿಯಾಗದ ಕುಣಿಕೆಗೆ ಬೋಲೈನ್, ಕಂಬಕ್ಕೆ ಕಟ್ಟಲು ಎರಡು ಸುತ್ತಿನ ಗಂಟು. ದನ ಕಟ್ಟಿದ ಕೈಗೆ ಇವು ಒಂದೇ ಸಂಜೆಯ ಕೆಲಸ. ಹಾಯಿಗೆ ಪಾಲಿಯೆಸ್ಟರ್ ಹಗ್ಗ, ಲಂಗರಿಗೆ ಹಿಗ್ಗುವ ನೈಲಾನ್.

ದಡದ ಮೇಲೆ

ನಮ್ಮದು ಸಿಹಿನೀರು, ತುಕ್ಕಿನ ಕಾಟ ಕಡಿಮೆ. ಇಲ್ಲಿ ದೋಣಿಯನ್ನು ತಿನ್ನುವುದು ಬಿಸಿಲು. ಇಳಿಸಿದ ದಿನ ಬಿಟ್ಟರೆ ಉಳಿದ ದಿನ ನೆರಳಿನಲ್ಲಿ, ಮಗುಚಿ, ಹಳೆಯ ಟೈರುಗಳ ಮೇಲೆ ಇಡಿ. ಭತ್ತಕ್ಕೆ ಹಾಕುವ ತಾಡಪತ್ರಿಯನ್ನೇ ಹೊದಿಸಿ, ಆದರೆ ಒಡಲಿಗೆ ಅಂಟದಂತೆ ಕೆಳಗೆ ಗಾಳಿಯಾಡಲು ಬಿಡಿ. ಗಾಳಿ ಪೆಟ್ಟಿಗೆಯ ಮುಚ್ಚಳ ತೆಗೆದಿಡಿ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಜೋಡಣೆ ಬಿಡಿಸುತ್ತದೆ. ನೀರಿಗೆ ಇಳಿಸುವ ಮುನ್ನ ಮತ್ತೆ ಹಾಕಿದ್ದೀರಾ ಅಂತ ಕೈಯಿಂದ ಮುಟ್ಟಿ ನೋಡಿ. ಹಾಯಿಯನ್ನು ಒಣಗಿಸಿ, ಸುತ್ತಿ, ಮನೆಯೊಳಗೆ ತೊಲೆಗೆ ನೇತುಹಾಕಿ. ನೆಲಕ್ಕಿಟ್ಟರೆ ಇಲಿ ಒಂದೇ ರಾತ್ರಿಯಲ್ಲಿ ಗೂಡು ಮಾಡುತ್ತದೆ. ಮೇ ಕೊನೆಗೆ ಕಂಬ ಇಳಿಸಿ, ಅದನ್ನು ನೆಟ್ಟಗೆ ಹಿಡಿದಿಡುವ ತಂತಿಗಳ ತುದಿಯಲ್ಲಿ ಒಂದೆಳೆ ಬಿಟ್ಟಿದ್ದರೂ ಆ ತಂತಿಯನ್ನೇ ಬದಲಿಸಿ. ಆ ಕೆಲಸಕ್ಕೆ ಮುಂಗಾರಿನ ತಿಂಗಳುಗಳು ಸಾಕಷ್ಟು ಇವೆ.